ಮಿಶ್ರ ಭಿನ್ನರಾಶಿಗಳ ಭಾಗಾಕಾರ: ಅಳತೆಯ ಲೆಕ್ಕದಲ್ಲಿ ಉತ್ತರವನ್ನು ಓದುವ ಬಗೆ

ಏಳೂವರೆ ಮೀಟರ್ ಉದ್ದದ ಹಗ್ಗವೊಂದನ್ನು ಒಂದೂಮುಕ್ಕಾಲು ಮೀಟರಿನ ತುಂಡುಗಳಾಗಿ ಕತ್ತರಿಸಬೇಕಾಗಿದೆ ಎಂದುಕೊಳ್ಳೋಣ. ಎಷ್ಟು ತುಂಡು ಸಿಗುತ್ತವೆ, ಎಷ್ಟು ಹಗ್ಗ ಉಳಿಯುತ್ತದೆ? 7½ ಅನ್ನು 1¾ ರಿಂದ ಭಾಗಿಸಿದರೆ 4 2/7 ಬರುತ್ತದೆ. ಶಾಲೆಯಲ್ಲಿ ಕಲಿತ ನಿಯಮ ನೆನಪಿರುವ ಯಾರಾದರೂ ಇಷ್ಟನ್ನು ಮಾಡಬಲ್ಲರು. ಆದರೆ ಅಲ್ಲಿಂದ ಮುಂದೆ ‘ನಾಲ್ಕು ತುಂಡು ಸಿಕ್ಕವು, 2/7 ಮೀಟರ್ ಉಳಿಯಿತು’ ಎಂದು ಬರೆದುಬಿಡುವವರು ಕಡಿಮೆಯೇನಲ್ಲ. ಹಗ್ಗವನ್ನು ನಿಜವಾಗಿ ಕತ್ತರಿಸಿ, ಉಳಿದದ್ದನ್ನು ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದರೆ ಅದು ಸರಿಯಾಗಿ ಅರ್ಧ ಮೀಟರ್ ಇರುತ್ತದೆ. ಲೆಕ್ಕ ತಪ್ಪಿಲ್ಲ, ಉತ್ತರವನ್ನು ಓದಿದ್ದು ತಪ್ಪು. ಮಿಶ್ರ ಭಿನ್ನರಾಶಿಗಳ ಭಾಗಾಕಾರದಲ್ಲಿ ಕಠಿಣವಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಭಾಗಿಸುವ ಕ್ರಮವನ್ನು ಬೇಗ ಮುಗಿಸಿ, ಬಂದ ಉತ್ತರ ಯಾವುದರ ಅಳತೆ ಎಂಬ ಪ್ರಶ್ನೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಮಾತಿನಲ್ಲಿ ಬರೆದುಕೊಳ್ಳುವುದು

ಅಂಕಿಗಳನ್ನು ಮುಟ್ಟುವ ಮೊದಲು ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಹೇಳಿಕೊಳ್ಳಬೇಕು. ಅಳತೆಯ ಭಾಗಾಕಾರಗಳು ಸಾಮಾನ್ಯವಾಗಿ ಎರಡು ಬಗೆಯವು. ‘ಇದರಲ್ಲಿ ಅದು ಎಷ್ಟು ಸಲ ಇದೆ’ ಎಂಬುದು ಒಂದು ಬಗೆ. ಹಗ್ಗದಲ್ಲಿ ತುಂಡು ಎಷ್ಟು, ತೊಟ್ಟಿಯ ನೀರಿನಲ್ಲಿ ಕ್ಯಾನ್ ಎಷ್ಟು, ಮೂರೂವರೆ ಗಂಟೆಯಲ್ಲಿ ಹದಿನೇಳೂವರೆ ನಿಮಿಷದ ಅವಧಿಗಳು ಎಷ್ಟು ಎಂಬಂಥವು ಇದಕ್ಕೆ ಸೇರುತ್ತವೆ. ‘ಒಂದಕ್ಕೆ ಎಷ್ಟು ಬರುತ್ತದೆ’ ಎಂಬುದು ಇನ್ನೊಂದು ಬಗೆ. ನಾಲ್ವರಿಗೆ ಹಂಚಿದರೆ ಒಬ್ಬರಿಗೆ ಎಷ್ಟು, ಎರಡೂವರೆ ಗಂಟೆಯಲ್ಲಿ ಇಷ್ಟು ದೂರ ನಡೆದರೆ ಒಂದು ಗಂಟೆಗೆ ಎಷ್ಟು ಎಂಬಂಥವು ಇದಕ್ಕೆ ಸೇರುತ್ತವೆ. ಎರಡಕ್ಕೂ ಭಾಗಿಸುವ ವಿಧಾನ ಒಂದೇ ಆದರೂ ಬರುವ ಉತ್ತರದ ಅರ್ಥ ಬೇರೆ. ಮೊದಲ ಬಗೆಯಲ್ಲಿ ಉತ್ತರ ಬರಿಯ ಎಣಿಕೆ, ಎರಡನೆಯದರಲ್ಲಿ ಉತ್ತರವೇ ಒಂದು ಅಳತೆ.

ಮೊದಲ ಬಗೆಯ ಪ್ರಶ್ನೆಯಲ್ಲಿ ಎರಡೂ ಅಳತೆಗಳು ಒಂದೇ ಮಾನದಲ್ಲಿರಬೇಕು. ಮೂರೂವರೆ ಗಂಟೆಯನ್ನು ಹದಿನೇಳೂವರೆ ನಿಮಿಷದಿಂದ ಭಾಗಿಸುವಾಗ 3½ ÷ 17½ ಎಂದು ಬರೆದರೆ ಸಿಗುವುದು 1/5, ಅದಕ್ಕೆ ಇಲ್ಲಿ ಅರ್ಥವಿಲ್ಲ. ಗಂಟೆಯನ್ನು 210 ನಿಮಿಷವಾಗಿ ಬದಲಾಯಿಸಿ 210 ÷ 17½ ಮಾಡಿದರೆ ಹನ್ನೆರಡು ಅವಧಿಗಳು ಸಿಗುತ್ತವೆ.

ಅಡಿ-ಇಂಚು ಮತ್ತು ಗಂಟೆ-ನಿಮಿಷಗಳನ್ನು ಮಿಶ್ರ ಸಂಖ್ಯೆಯಾಗಿ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಐದು ಅಡಿ ಆರು ಇಂಚು ಎಂದರೆ 5½ ಅಡಿಯೇ ಹೊರತು 5.6 ಅಡಿ ಅಲ್ಲ. ಒಂದು ಅಡಿಗೆ ಹನ್ನೆರಡು ಇಂಚು ಇರುವುದರಿಂದ ಆರು ಇಂಚು ಅರ್ಧ ಅಡಿಯಾಗುತ್ತದೆ. ಹಾಗೆಯೇ ನಾಲ್ಕು ಗಂಟೆ ಮೂವತ್ತು ನಿಮಿಷವೆಂದರೆ 4½ ಗಂಟೆ, 4.30 ಗಂಟೆ ಅಲ್ಲ. ಗಡಿಯಾರದ ಚುಕ್ಕಿಯನ್ನು ದಶಮಾಂಶದ ಚುಕ್ಕಿ ಎಂದು ಓದಿದರೆ ಮುಂದಿನ ಲೆಕ್ಕವೆಲ್ಲ ಹಾಳಾಗುತ್ತದೆ.

ಎರಡನೆಯ ಹೆಜ್ಜೆ: ಮಿಶ್ರವನ್ನು ವಿಷಮ ಭಿನ್ನರಾಶಿಯಾಗಿ ಬದಲಾಯಿಸುವುದು

7½ ಎಂದರೆ 7 ಮತ್ತು ½ ಇವುಗಳ ಮೊತ್ತ. ಬರವಣಿಗೆಯಲ್ಲಿ ಕೂಡಿಸುವ ಚಿಹ್ನೆ ಕಾಣುವುದಿಲ್ಲ, ಆದರೆ ನಮ್ಮ ಮಾತಿನಲ್ಲಿ ಅದು ಕೇಳಿಸುತ್ತದೆ: ಏಳೂ ಅರೆಯೂ ಸೇರಿ ‘ಏಳೂವರೆ’, ಒಂದೂ ಮುಕ್ಕಾಲೂ ಸೇರಿ ‘ಒಂದೂಮುಕ್ಕಾಲು’. ನಡುವಿನ ಆ ‘ಊ’ ಕೂಡಿಸುವ ಚಿಹ್ನೆಯೇ ಎಂದು ನೆನಪಿಟ್ಟುಕೊಂಡರೆ ಮುಂದೆ ಬರುವ ಹಲವು ತಪ್ಪುಗಳು ಹುಟ್ಟುವುದಿಲ್ಲ.

ಬದಲಾಯಿಸುವ ಕ್ರಮ ಎಲ್ಲರಿಗೂ ಪರಿಚಿತವಾದದ್ದು. ಪೂರ್ಣಾಂಕವನ್ನು ಛೇದದಿಂದ ಗುಣಿಸಿ, ಅಂಶವನ್ನು ಕೂಡಿಸಿ, ಬಂದದ್ದನ್ನು ಅದೇ ಛೇದದ ಮೇಲೆ ಬರೆಯಬೇಕು. 7½ ರಲ್ಲಿ 7 × 2 + 1 = 15, ಆದ್ದರಿಂದ 15/2. 1¾ ರಲ್ಲಿ 1 × 4 + 3 = 7, ಆದ್ದರಿಂದ 7/4. ಪೂರ್ಣಸಂಖ್ಯೆಯೊಂದು ಬಂದರೆ ಅದರ ಛೇದ 1 ಎಂದು ಬರೆದುಕೊಂಡರಾಯಿತು.

ಇಲ್ಲಿಯೇ ಅರೆಕ್ಷಣ ನಿಂತು ಉತ್ತರವನ್ನು ಅಂದಾಜು ಮಾಡುವುದು ಒಳ್ಳೆಯದು. ತುಂಡು ಎರಡು ಮೀಟರಿನದಾಗಿದ್ದರೆ ಏಳೂವರೆ ಮೀಟರಿನಲ್ಲಿ 3¾ ತುಂಡು ಆಗುತ್ತಿತ್ತು, ಒಂದೂವರೆ ಮೀಟರಿನದಾಗಿದ್ದರೆ 5 ಆಗುತ್ತಿತ್ತು. ಒಂದೂಮುಕ್ಕಾಲು ಇವೆರಡರ ನಡುವೆ ಇದೆ, ಆದ್ದರಿಂದ ಉತ್ತರವೂ 3¾ ಮತ್ತು 5 ರ ನಡುವೆಯೇ ಇರಬೇಕು. ಭಾಜಕ ಒಂದಕ್ಕಿಂತ ಚಿಕ್ಕದಾಗಿದ್ದರೆ ಉತ್ತರ ಭಾಜ್ಯಕ್ಕಿಂತ ದೊಡ್ಡದಾಗುತ್ತದೆ ಎಂಬುದನ್ನೂ ಈ ಅಂದಾಜು ತಾನಾಗಿ ತೋರಿಸಿಕೊಡುತ್ತದೆ. ಆರು ಮೀಟರಿನಲ್ಲಿ ಮುಕ್ಕಾಲು ಮೀಟರಿನ ತುಂಡುಗಳು ಆರಕ್ಕಿಂತ ಹೆಚ್ಚೇ, ಅಂದರೆ ಎಂಟು ಇರುತ್ತವೆ.

ಮೂರನೆಯ ಹೆಜ್ಜೆ: ಭಾಗಿಸುವುದು, ಎರಡು ದಾರಿಗಳಲ್ಲಿ

ಮೊದಲ ದಾರಿ ಎರಡೂ ಅಳತೆಗಳನ್ನು ಒಂದೇ ಸಣ್ಣ ಭಾಗದಲ್ಲಿ ಎಣಿಸುವುದು. ನಮ್ಮ ಹಗ್ಗದ ಲೆಕ್ಕದಲ್ಲಿ ಆ ಸಣ್ಣ ಭಾಗ ಕಾಲು ಮೀಟರ್. ಏಳು ಮೀಟರಿನಲ್ಲಿ ಇಪ್ಪತ್ತೆಂಟು ಕಾಲುಗಳು, ಅರ್ಧ ಮೀಟರಿನಲ್ಲಿ ಎರಡು, ಒಟ್ಟು ಮೂವತ್ತು ಕಾಲುಗಳು. ಒಂದು ತುಂಡಿಗೆ ಏಳು ಕಾಲುಗಳು ಬೇಕು. ಈಗ ಪ್ರಶ್ನೆ 30 ÷ 7 ಎಂಬ ಪೂರ್ಣಸಂಖ್ಯೆಗಳ ಭಾಗಾಕಾರಕ್ಕೆ ಇಳಿಯಿತು: ಭಾಗಲಬ್ಧ 4, ಶೇಷ 2. ಶೇಷದ ಎರಡು ಯಾವುದು? ಎರಡು ಕಾಲು ಮೀಟರುಗಳು, ಅಂದರೆ ಅರ್ಧ ಮೀಟರ್. ಶೇಷವನ್ನು ಭಿನ್ನವಾಗಿ ಬರೆದರೆ 2/7. ಒಂದು ತುಂಡಿಗೆ ಬೇಕಾದ ಏಳು ಕಾಲುಗಳಲ್ಲಿ ಎರಡು ಮಾತ್ರ ಕೈಯಲ್ಲಿವೆ ಎಂದು ಅದರ ಅರ್ಥ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. 2/7 ಎಂಬುದು ತುಂಡಿನ ಏಳರಲ್ಲಿ ಎರಡು ಭಾಗ, ಮೀಟರಿನದಲ್ಲ. ಒಂದೂಮುಕ್ಕಾಲು ಮೀಟರಿನ 2/7 ಎಷ್ಟು ಎಂದು ಗುಣಿಸಿ ನೋಡಿದರೂ 7/4 × 2/7 = 1/2, ಅದೇ ಅರ್ಧ ಮೀಟರ್.

ಛೇದಗಳು ಒಂದಕ್ಕೊಂದು ಹೊಂದದಿದ್ದಾಗ ಎರಡರ ಲಘುತಮ ಸಾಮಾನ್ಯ ಅಪವರ್ತ್ಯವನ್ನು ತೆಗೆದುಕೊಳ್ಳಬೇಕು. 9⅓ ಅಡಿಯ ಪೈಪಿನಲ್ಲಿ 1¾ ಅಡಿಯ ತುಂಡುಗಳೆಷ್ಟು? ಛೇದಗಳು 3 ಮತ್ತು 4, ಸಾಮಾನ್ಯ ಛೇದ 12. 9⅓ ಎಂದರೆ 112/12, 1¾ ಎಂದರೆ 21/12. 112 ÷ 21 ಮಾಡಿದರೆ 5 ಬಂದು 7 ಉಳಿಯುತ್ತದೆ. ಅಡಿಯ ಹನ್ನೆರಡನೇ ಒಂದು ಭಾಗಕ್ಕೆ ನಾವು ಈಗಾಗಲೇ ಇಂಚು ಎಂಬ ಹೆಸರಿಟ್ಟಿರುವುದರಿಂದ ಇಲ್ಲಿ ಉಳಿದದ್ದು ಏಳು ಇಂಚು. ಅಡಿಗಳನ್ನು ಇಂಚಿಗೆ ತಿರುಗಿಸಿ ಲೆಕ್ಕ ಹಾಕುವವರು ಸಾಮಾನ್ಯ ಛೇದದ ವಿಧಾನವನ್ನೇ ಅದರ ಹೆಸರು ಹೇಳದೆ ಬಳಸುತ್ತಿರುತ್ತಾರೆ.

ಎರಡನೆಯ ದಾರಿ ಶಾಲೆಯ ನಿಯಮ: ಭಾಜಕವನ್ನು ತಲೆಕೆಳಗು ಮಾಡಿ ಗುಣಿಸುವುದು. 15/2 ÷ 7/4 = 15/2 × 4/7 = 60/14 = 30/7 = 4 2/7. ಭಾಜಕದ ಅಂಶ ಮತ್ತು ಛೇದಗಳನ್ನು ಅದಲುಬದಲು ಮಾಡಿ ಗುಣಿಸಬೇಕೆಂಬ ಈ ಸೂತ್ರ ಹಳೆಯದು. 628ರಲ್ಲಿ ಬರೆದ ಬ್ರಹ್ಮಗುಪ್ತನಲ್ಲೂ 9ನೇ ಶತಮಾನದ ಮಹಾವೀರಾಚಾರ್ಯನಲ್ಲೂ ಇದು ಸಿಗುತ್ತದೆ. ಆದರೆ ಹಳೆಯದೆಂಬ ಕಾರಣಕ್ಕೆ ಇದನ್ನು ಮಂತ್ರದಂತೆ ಒಪ್ಪಿಕೊಳ್ಳಬೇಕಾಗಿಲ್ಲ. ಒಂದು ಮೀಟರ್ ಹಗ್ಗದಲ್ಲಿ ನಮ್ಮ ತುಂಡು ಎಷ್ಟು ಇದೆ ಎಂದು ಕೇಳಿಕೊಳ್ಳಿ. ಮೀಟರಿನಲ್ಲಿ ನಾಲ್ಕು ಕಾಲುಗಳಿವೆ, ತುಂಡಿಗೆ ಏಳು ಬೇಕು, ಆದ್ದರಿಂದ ಒಂದು ಮೀಟರಿನಲ್ಲಿ 4/7 ತುಂಡು ಇದೆ. ಒಂದು ಮೀಟರಿಗೆ 4/7 ತುಂಡಾದರೆ ಏಳೂವರೆ ಮೀಟರಿಗೆ 7½ × 4/7. ತಲೆಕೆಳಗಾದ ಭಾಜಕವೆಂದರೆ ಒಂದು ಮಾನದಲ್ಲಿ ಅಡಗಿರುವ ತುಂಡುಗಳ ಲೆಕ್ಕ, ಅಷ್ಟೇ.

ತಲೆಕೆಳಗು ಮಾಡುವುದು ಭಾಜಕವನ್ನು ಮಾತ್ರ, ಅದೂ ವಿಷಮ ಭಿನ್ನರಾಶಿಯಾಗಿ ಬದಲಾಯಿಸಿದ ಮೇಲೆ. 2¼ ರ ವ್ಯುತ್ಕ್ರಮ 4/9. ಪೂರ್ಣಾಂಕವನ್ನು ಹಾಗೆಯೇ ಬಿಟ್ಟು ಭಿನ್ನದ ಭಾಗವನ್ನಷ್ಟೇ ತಿರುಗಿಸಿದರೆ ಸಿಗುವ 2 ಮತ್ತು 4/1 ಒಟ್ಟು ಆರಾಗುತ್ತವೆ, ಅದಕ್ಕೂ ಮೂಲ ಸಂಖ್ಯೆಗೂ ಸಂಬಂಧವಿಲ್ಲ. ಅಡ್ಡ ಹೊಡೆದು ಸಂಕ್ಷೇಪಿಸುವುದನ್ನೂ ತಿರುಗಿಸಿದ ನಂತರವೇ ಮಾಡಬೇಕು.

ಎರಡರಲ್ಲಿ ಯಾವ ದಾರಿ ಒಳ್ಳೆಯದು? ಉಳಿಕೆಯ ಅಳತೆ ಬೇಕಾದಾಗ ನಾನು ಮೊದಲನೆಯದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದು ತುಂಡುಗಳ ಎಣಿಕೆಯನ್ನೂ ಉಳಿದ ಉದ್ದವನ್ನೂ ಒಟ್ಟಿಗೆ ಕೊಡುತ್ತದೆ. ‘ಒಂದಕ್ಕೆ ಎಷ್ಟು’ ಎಂಬ ಪ್ರಶ್ನೆಗೆ ಎರಡನೆಯದು ಸಾಕು.

ನಾಲ್ಕನೆಯ ಹೆಜ್ಜೆ: ಉತ್ತರವನ್ನು ಸಂದರ್ಭಕ್ಕೆ ತರುವುದು

ಭಾಗಲಬ್ಧದಲ್ಲಿ ಭಿನ್ನದ ಬಾಲ ಉಳಿದಾಗ ಅದನ್ನು ಏನು ಮಾಡಬೇಕೆಂಬುದನ್ನು ಗಣಿತ ಹೇಳುವುದಿಲ್ಲ, ಕೆಲಸ ಹೇಳುತ್ತದೆ. ತುಂಡು ಕತ್ತರಿಸುವಾಗ 4 2/7 ಎಂದರೆ ನಾಲ್ಕೇ ತುಂಡು. ಭಿನ್ನ 6/7 ಇದ್ದರೂ ಐದಾಗುವುದಿಲ್ಲ. ತುಂಬಿಸುವಾಗ ಇದು ತಿರುಗುಮುರುಗಾಗುತ್ತದೆ. ಹದಿನೇಳೂವರೆ ಲೀಟರ್ ನೀರನ್ನು ಮೂರೂಮುಕ್ಕಾಲು ಲೀಟರ್ ಹಿಡಿಯುವ ಕ್ಯಾನುಗಳಿಗೆ ತುಂಬಬೇಕಾದರೆ 35/2 × 4/15 = 14/3 = 4⅔. ನಾಲ್ಕು ಕ್ಯಾನ್ ಸಾಲದು, ಐದು ಬೇಕು. ಐದನೆಯದರಲ್ಲಿ ಎಷ್ಟು ನೀರು ಇರುತ್ತದೆ? ‘ಮೂರನೇ ಎರಡು ಲೀಟರ್’ ಎನ್ನಲು ನಾಲಿಗೆ ತುದಿಗೆ ಬಂದರೂ ಅದು ತಪ್ಪು; ಕ್ಯಾನಿನ ಮೂರನೇ ಎರಡು ಭಾಗ, ಅಂದರೆ 15/4 × 2/3 = 2½ ಲೀಟರ್. ನಾಲ್ಕು ಕ್ಯಾನಿಗೆ ಹದಿನೈದು ಲೀಟರ್ ಹೋದ ಮೇಲೆ ಉಳಿಯುವುದೂ ಎರಡೂವರೆಯೇ.

ಮರದ ಕೆಲಸದಲ್ಲಿ ಇನ್ನೊಂದು ಸಂಗತಿ ನಡುವೆ ಬರುತ್ತದೆ. ಕತ್ತರಿಯಿಂದ ಹಗ್ಗ ಕತ್ತರಿಸಿದರೆ ಉದ್ದ ಕಳೆದುಹೋಗುವುದಿಲ್ಲ, ಆದರೆ ಗರಗಸ ಪ್ರತಿ ಕೊಯ್ತಕ್ಕೂ ತನ್ನ ಪಾಲಿನ ಮರವನ್ನು ತಿನ್ನುತ್ತದೆ. 31½ ಇಂಚು ಉದ್ದದ ಹಲಗೆಯಿಂದ 4⅜ ಇಂಚಿನ ತುಂಡುಗಳನ್ನು ತೆಗೆಯಬೇಕೆಂದಿಟ್ಟುಕೊಳ್ಳೋಣ. 63/2 × 8/35 = 36/5, ಅಂದರೆ 7⅕. ಏಳು ತುಂಡು ಸಿಕ್ಕಿ, ತುಂಡಿನ ಐದನೇ ಒಂದು ಭಾಗ, ಅಂದರೆ 7/8 ಇಂಚು ಉಳಿಯಬೇಕೆಂದು ಕಾಗದ ಹೇಳುತ್ತದೆ. ಗರಗಸದ ಸೀಳು ⅛ ಇಂಚು ಅಗಲವಿದ್ದರೆ ಏಳು ಕೊಯ್ತಗಳಿಗೆ ಏಳು ಎಂಟನೇ ಭಾಗ, ಅಂದರೆ ಸರಿಯಾಗಿ ಆ 7/8 ಇಂಚೇ ಪುಡಿಯಾಗಿ ಹೋಗುತ್ತದೆ, ಏಳು ತುಂಡುಗಳು ಮಾತ್ರ ಪೂರ್ಣವಾಗಿ ಸಿಗುತ್ತವೆ. ಸೀಳು ಸ್ವಲ್ಪವೇ ದಪ್ಪವಾಗಿ 3/16 ಇಂಚು ಇದ್ದರೆ, ಏಳು ತುಂಡಿಗೆ ಕನಿಷ್ಠ ಬೇಕಾದ ಆರು ಕೊಯ್ತಗಳೇ 1⅛ ಇಂಚು ತಿನ್ನುತ್ತವೆ. ಕೊನೆಯ ತುಂಡು ಕಾಲು ಇಂಚು ಗಿಡ್ಡವಾಗುತ್ತದೆ, ಪೂರ್ಣ ತುಂಡುಗಳು ಆರೇ.

ಇಂಥ ಲೆಕ್ಕವನ್ನು ಒಂದೇ ಭಾಗಾಕಾರದಲ್ಲಿ ಮುಗಿಸುವ ಉಪಾಯವಿದೆ. ತುಂಡುಗಳಿಗಿಂತ ಅವುಗಳ ನಡುವಿನ ಕೊಯ್ತಗಳು ಒಂದು ಕಡಿಮೆ ಇರುವುದರಿಂದ, ಹಲಗೆಯ ಉದ್ದಕ್ಕೂ ಒಂದು ಸೀಳನ್ನು ಕೂಡಿಸಿ, ತುಂಡಿನ ಉದ್ದಕ್ಕೂ ಒಂದು ಸೀಳನ್ನು ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಪೂರ್ಣಾಂಕವನ್ನಷ್ಟೇ ಇಟ್ಟುಕೊಳ್ಳಬೇಕು. ⅛ ಇಂಚಿನ ಸೀಳಿಗೆ 31⅝ ÷ 4½ = 253/36 = 7 1/36, ಏಳು ತುಂಡು. 3/16 ಇಂಚಿನ ಸೀಳಿಗೆ 31 11/16 ÷ 4 9/16 = 507/73, ಏಳಕ್ಕೆ ತುಸು ಕಡಿಮೆ, ಆದ್ದರಿಂದ ಆರು ತುಂಡು.

ಸಮಾನ ಅಂತರದಲ್ಲಿ ಕೊಕ್ಕೆ, ಕಂಬ, ಮೊಳೆಗಳನ್ನು ಹಾಕುವಾಗಲೂ ಹೀಗೆ ಒಂದರ ವ್ಯತ್ಯಾಸ ಬರುತ್ತದೆ. 6¾ ಅಡಿಯ ಪಟ್ಟಿಯ ಮೇಲೆ 1⅛ ಅಡಿಗೊಂದು ಕೊಕ್ಕೆ: 27/4 × 8/9 = 6. ಈ ಆರು ಕೊಕ್ಕೆಗಳ ಸಂಖ್ಯೆಯಲ್ಲ, ಅಂತರಗಳ ಸಂಖ್ಯೆ. ಎರಡೂ ತುದಿಗಳಲ್ಲಿ ಕೊಕ್ಕೆ ಬೇಕಾದರೆ ಏಳು, ಒಂದು ತುದಿಯಲ್ಲಿ ಮಾತ್ರವಾದರೆ ಆರು, ತುದಿಗಳೆರಡೂ ಖಾಲಿಯಿದ್ದರೆ ಐದು.

‘ಒಂದಕ್ಕೆ ಎಷ್ಟು’ ಎಂಬ ಪ್ರಶ್ನೆಗಳು

ಹಂಚುವ ಲೆಕ್ಕದಲ್ಲಿ ಭಿನ್ನದ ಬಾಲವನ್ನು ಕತ್ತರಿಸುವಂತಿಲ್ಲ, ಅದೂ ಉತ್ತರದ ಭಾಗವೇ. ಹತ್ತೂವರೆ ಮೀಟರ್ ತಂತಿಯನ್ನು ನಾಲ್ಕು ಸಮಭಾಗ ಮಾಡಿದರೆ 21/2 × 1/4 = 21/8 = 2⅝ ಮೀಟರ್, ಅಂದರೆ 2 ಮೀಟರ್ 62½ ಸೆಂಟಿಮೀಟರ್. ಇಲ್ಲಿ ⅝ ನಿಜವಾಗಿಯೂ ಮೀಟರಿನ ಭಾಗ. ಹಗ್ಗದ 2/7 ಗೂ ತಂತಿಯ ⅝ ಗೂ ಇರುವ ಈ ವ್ಯತ್ಯಾಸಕ್ಕಾಗಿಯೇ ಪ್ರಶ್ನೆಯ ಬಗೆಯನ್ನು ಮೊದಲೇ ಗುರುತಿಸಿಕೊಳ್ಳಬೇಕೆಂದು ಹೇಳಿದ್ದು.

ಭಾಜಕವೇ ಮಿಶ್ರ ಸಂಖ್ಯೆಯಾದಾಗ ‘ಹಂಚುವುದು’ ಎಂಬ ಮಾತು ವಿಚಿತ್ರವಾಗಿ ಕೇಳುತ್ತದೆ. ಎರಡೂವರೆ ಗಂಟೆಯಲ್ಲಿ ಹನ್ನೊಂದೂಕಾಲು ಕಿಲೋಮೀಟರ್ ನಡೆದವರ ವೇಗವೆಷ್ಟು? ಎರಡೂವರೆಗೆ ಹಂಚುವುದು ಹೇಗೆಂದು ತೋಚದಿದ್ದರೆ ಅರ್ಧ ಗಂಟೆಯಿಂದ ಆರಂಭಿಸಬಹುದು. ಎರಡೂವರೆ ಗಂಟೆಯೆಂದರೆ ಐದು ಅರ್ಧ ಗಂಟೆಗಳು. 11¼ ಅನ್ನು ಐದರಿಂದ ಭಾಗಿಸಿದರೆ ಅರ್ಧ ಗಂಟೆಗೆ 2¼ ಕಿಲೋಮೀಟರ್, ಅದನ್ನು ಇಮ್ಮಡಿಸಿದರೆ ಗಂಟೆಗೆ 4½ ಕಿಲೋಮೀಟರ್. ಐದರಿಂದ ಭಾಗಿಸಿ ಎರಡರಿಂದ ಗುಣಿಸಿದ್ದೆಂದರೆ 2/5 ರಿಂದ ಗುಣಿಸಿದ್ದು. ಭಾಜಕ 5/2 ಇಲ್ಲಿಯೂ ತಲೆಕೆಳಗಾಗಿಯೇ ಬಂದಿದೆ. ಕ್ರಮ ತಿರುವುಮುರುವಾಗಿ 2½ ÷ 11¼ ಮಾಡಿದ್ದರೆ 2/9 ಬರುತ್ತಿತ್ತು. ಅದೂ ತಪ್ಪು ಸಂಖ್ಯೆಯಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ: ಒಂದು ಕಿಲೋಮೀಟರಿಗೆ 2/9 ಗಂಟೆ, ಅಂದರೆ 13⅓ ನಿಮಿಷ ಹಿಡಿಯಿತು. ‘ಒಂದು ಯಾವುದಕ್ಕೆ’ ಎಂದು ಕೇಳುತ್ತಿದ್ದೇವೋ ಅದು ಯಾವಾಗಲೂ ಭಾಜಕದ ಸ್ಥಾನದಲ್ಲಿರಬೇಕು.

ಎಡವುವ ಜಾಗಗಳು

ಪೂರ್ಣಾಂಕವನ್ನು ಪೂರ್ಣಾಂಕದಿಂದ, ಭಿನ್ನವನ್ನು ಭಿನ್ನದಿಂದ ಬೇರೆಬೇರೆಯಾಗಿ ಭಾಗಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. 7½ ÷ 1¾ ರಲ್ಲಿ 7 ÷ 1 = 7, ½ ÷ ¾ = ⅔, ಒಟ್ಟು 7⅔ ಎಂದು ಬರೆದವರು ಏಳೂವರೆ ಮೀಟರ್ ಹಗ್ಗದಿಂದ ಒಂದು ಮೀಟರಿಗಿಂತ ಉದ್ದವಾದ ತುಂಡುಗಳನ್ನು ಏಳೂವರೆಗಿಂತ ಹೆಚ್ಚು ತೆಗೆದಂತಾಯಿತು. ಭಾಜ್ಯವನ್ನು ಒಡೆಯುವುದಕ್ಕೆ ಅಡ್ಡಿಯಿಲ್ಲ. 12¾ ÷ 3 ಮಾಡುವಾಗ ಹನ್ನೆರಡನ್ನೂ ಮುಕ್ಕಾಲನ್ನೂ ಬೇರೆಯಾಗಿ ಮೂರರಿಂದ ಭಾಗಿಸಿ 4¼ ಎಂದು ಬಾಯಲ್ಲೇ ಹೇಳಿಬಿಡಬಹುದು. ಒಡೆಯಬಾರದ್ದು ಭಾಜಕ, ಏಕೆಂದರೆ ಒಂದೂಮುಕ್ಕಾಲು ಮೀಟರಿನ ತುಂಡು ಒಂದು ಇಡಿಯಾದ ತುಂಡು.

ಕ್ಯಾಲ್ಕುಲೇಟರ್ ಬಳಸುವವರಿಗೆ ಇದೇ ತಪ್ಪು ಬೇರೆ ವೇಷದಲ್ಲಿ ಎದುರಾಗುತ್ತದೆ. 7 + 1 ÷ 2 ÷ 1 + 3 ÷ 4 ಎಂದು ಒತ್ತಿದರೆ, ಭಾಗಾಕಾರವನ್ನು ಮೊದಲು ಮಾಡುವ ಯಂತ್ರ 8.25 ತೋರಿಸುತ್ತದೆ. ಪ್ರತಿ ಮಿಶ್ರ ಸಂಖ್ಯೆಯನ್ನೂ ಆವರಣದೊಳಗೆ ಇಟ್ಟು (7 + 1 ÷ 2) ÷ (1 + 3 ÷ 4) ಎಂದು ಕೊಟ್ಟಾಗ ಮಾತ್ರ 4.2857… ಸಿಗುತ್ತದೆ. ಆ 0.2857 ಕೂಡ ಮೀಟರಲ್ಲ, ತುಂಡಿನ ಭಾಗ ಎಂಬುದು ದಶಮಾಂಶದ ರೂಪದಲ್ಲಿ ಇನ್ನೂ ಸುಲಭವಾಗಿ ಮರೆತುಹೋಗುತ್ತದೆ.

ಅರೆ, ಕಾಲು, ಎಂಟನೇ ಒಂದು, ಹದಿನಾರನೇ ಒಂದು ಇವೆಲ್ಲ 0.5, 0.25, 0.125, 0.0625 ಎಂದು ನಿಖರವಾಗಿ ದಶಮಾಂಶಕ್ಕೆ ಇಳಿಯುವುದರಿಂದ ಅವುಗಳ ಮಟ್ಟಿಗೆ ಯಾವ ರೂಪವಾದರೂ ಸರಿ. ಮೂರನೇ ಭಾಗ, ಆರನೇ ಭಾಗ, ಏಳನೇ ಭಾಗಗಳು ಹಾಗೆ ಇಳಿಯುವುದಿಲ್ಲ. ಇಪ್ಪತ್ತೈದು ಅಡಿ ಹಗ್ಗದಲ್ಲಿ ಒಂದು ಅಡಿ ಎಂಟು ಇಂಚಿನ ತುಂಡುಗಳು ಎಷ್ಟು ಎಂದು ಕೇಳಿದಾಗ, 25 ÷ 1⅔ = 25 × 3/5 = 15, ಒಂದಿಷ್ಟೂ ಉಳಿಕೆಯಿಲ್ಲ. 1⅔ ಅನ್ನು 1.67 ಎಂದು ದುಂಡಾಗಿಸಿ ಭಾಗಿಸಿದರೆ 14.97 ಬರುತ್ತದೆ, ಕತ್ತರಿಸುವ ಲೆಕ್ಕದಲ್ಲಿ ಕೆಳಕ್ಕೆ ಇಳಿಸಬೇಕೆಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದವರು ಹದಿನಾಲ್ಕು ಎಂದು ಬರೆದು, ಇರುವ ಒಂದು ತುಂಡನ್ನು ಕಳೆದುಕೊಳ್ಳುತ್ತಾರೆ. 1.6 ಎಂದು ಕತ್ತರಿಸಿಕೊಂಡರೆ 15.625 ಬಂದು, ಹತ್ತಿರದ ಪೂರ್ಣಾಂಕಕ್ಕೆ ದುಂಡಾಗಿಸುವವರಿಗೆ ಇಲ್ಲದ ಹದಿನಾರನೆಯ ತುಂಡು ಕಾಣಿಸಿಕೊಳ್ಳುತ್ತದೆ. ದುಂಡಾಗಿಸುವ ಕೆಲಸವನ್ನು ಕೊನೆಯ ಸಾಲಿಗೆ ಬಿಟ್ಟು, ಅಲ್ಲಿಯವರೆಗೆ ಭಿನ್ನರಾಶಿಯಲ್ಲೇ ಉಳಿಯುವುದು ಇದಕ್ಕೆ ಪರಿಹಾರ.

ಉತ್ತರವನ್ನು ಪರೀಕ್ಷಿಸಲು ಭಾಗಲಬ್ಧವನ್ನು ಭಾಜಕದಿಂದ ಗುಣಿಸಿದರೆ ಸಾಕು: 30/7 × 7/4 = 30/4 = 7½. ಅಳತೆಯ ಲೆಕ್ಕದಲ್ಲಿ ನನಗೆ ಇದಕ್ಕಿಂತ ಹೆಚ್ಚು ನಂಬಿಕೆಯಿರುವ ಪರೀಕ್ಷೆ ಇನ್ನೊಂದಿದೆ. ಪೂರ್ಣ ತುಂಡುಗಳ ಒಟ್ಟು ಉದ್ದವನ್ನೂ ಉಳಿಕೆಯನ್ನೂ ಬೇರೆಯಾಗಿ ಬರೆದು ಕೂಡಿಸುವುದು: ನಾಲ್ಕು ಒಂದೂಮುಕ್ಕಾಲು ಏಳು ಮೀಟರ್, ಉಳಿಕೆ ಅರ್ಧ ಮೀಟರ್, ಒಟ್ಟು ಏಳೂವರೆ. ಉಳಿಕೆಯನ್ನು 2/7 ಮೀಟರ್ ಎಂದು ಬರೆದವರಿಗೆ ಮೊತ್ತ 7 2/7 ಬರುತ್ತದೆ, ಹಗ್ಗದ 3/14 ಮೀಟರ್ ಎಲ್ಲಿ ಹೋಯಿತೆಂದು ಅವರು ಹುಡುಕಬೇಕಾಗುತ್ತದೆ.